ಕೊರೆಯುವ ಮೊದಲು ಕೂತು ನೋಡಿ: ಸಣ್ಣ ದೋಣಿಗೆ ರಾಡ್ ಹೋಲ್ಡರ್ ಕೂರಿಸುವ ಬಗೆ

ಕುಂಬಳೆ ಹತ್ತಿರ, ಶಿರಿಯ ಹೊಳೆಯ ದಡದಲ್ಲಿ ನಮ್ಮ ಮನೆ. ಉಪ್ಪಳದಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತೇನೆ. ದೋಣಿ ಅಪ್ಪನದು. 16 ಅಡಿ ಉದ್ದದ ಫೈಬರ್ ದೋಣಿ, ನಡುವೆ ನಾಲ್ಕೂವರೆ ಅಡಿ ಅಗಲ. ಅಪ್ಪ ಅದರಲ್ಲಿ ಬಲೆ ಬೀಸುತ್ತಿದ್ದರು. ನಾನು ಭಾನುವಾರ ಬೆಳಿಗ್ಗೆ ಅದರಲ್ಲೇ ಗಾಳ ಎಳೆದುಕೊಂಡು ಹೋಗುತ್ತೇನೆ. ಜೊತೆಗೆ ಅಕ್ಕನ ಮಗ ಇರುತ್ತಾನೆ.

ಗಾಳದ ಕೋಲನ್ನು, ಅಂದರೆ ರಾಡನ್ನು, ದೋಣಿಯಲ್ಲಿ ಹಿಡಿದು ನಿಲ್ಲಿಸುವ ಈ ಹೋಲ್ಡರ್ ಕಥೆ ಶುರುವಾದದ್ದು ಅವನಿಂದಲೇ. ಒಂದು ದಿನ ಫೋನಿನಲ್ಲಿ ವಿಡಿಯೋ ತೋರಿಸಿದ. ಅಮೆರಿಕದ ಒಂದು ಕೆರೆ. ದೋಣಿಯ ಮುಂದೆ ಇಬ್ಬರು ಕೂತಿದ್ದಾರೆ. ಅವರ ಎದುರು ಎಂಟು ಉದ್ದದ ರಾಡ್, ಜೇಡನ ಕಾಲಿನ ಹಾಗೆ ಹರಡಿಕೊಂಡಿವೆ. ‘ಮಾವ, ನಮ್ಮ ದೋಣಿಗೂ ಹೀಗೆ ಮಾಡುವಾ’ ಅಂದ.

ಅವರು ಹಿಡಿಯುತ್ತಿದ್ದದ್ದು ಕ್ರಾಪಿ ಅನ್ನುವ ಮೀನು. ಉತ್ತರ ಅಮೆರಿಕದ ಸಿಹಿನೀರಿನ ಮೀನು, ಬಿಳಿ ಮತ್ತು ಕಪ್ಪು ಅಂತ ಎರಡು ಜಾತಿ. ದೊಡ್ಡ ಮೀನಲ್ಲ. ಸಾಮಾನ್ಯವಾಗಿ ಅರ್ಧ ಕೆಜಿ ಒಳಗೇ. ಅದರ ಬಾಯಿ ಎಷ್ಟು ಮೆದು ಅಂದರೆ ಜೋರಾಗಿ ಎಳೆದರೆ ಕೊಕ್ಕೆ ಹರಿದು ಹೊರಗೆ ಬರುತ್ತದೆ. ಅಲ್ಲಿನವರು ಅದಕ್ಕೆ ‘ಕಾಗದದ ಬಾಯಿ’ ಅನ್ನುತ್ತಾರೆ. ಆದ್ದರಿಂದಲೇ 12ರಿಂದ 16 ಅಡಿ ಉದ್ದದ, ಚೆನ್ನಾಗಿ ಬಳುಕುವ ರಾಡ್ ಬಳಸುತ್ತಾರೆ. ದೋಣಿಯನ್ನು ಗಂಟೆಗೆ ಅರ್ಧ ಮೈಲಿ, ಒಂದು ಮೈಲಿ ಅಷ್ಟೇ ವೇಗದಲ್ಲಿ ಮುಂದೆ ತಳ್ಳುತ್ತಾರೆ. ಇದಕ್ಕೆ ಸ್ಪೈಡರ್ ರಿಗ್ಗಿಂಗ್ ಅಂತ ಹೆಸರು. ಒಬ್ಬ ಎಷ್ಟು ರಾಡ್ ಇಡಬಹುದು ಅನ್ನುವುದಕ್ಕೆ ಅಲ್ಲಿ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ ಇದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಹೀಗೆ ದೋಣಿಯಿಂದ ಗಾಳ ಎಳೆಯುವುದಕ್ಕೆ ಇಂಗ್ಲಿಷಿನಲ್ಲಿ ಟ್ರೋಲಿಂಗ್ ಅನ್ನುತ್ತಾರೆ. ನಮ್ಮ ಕಾಸರಗೋಡಿನಲ್ಲಿ ‘ಟ್ರೋಲಿಂಗ್’ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಟ್ರೋಲಿಂಗ್ ನಿಷೇಧ, ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕದ 52 ದಿನ. ಅದು ಯಾಂತ್ರಿಕ ಬೋಟುಗಳು ತಳ ಗುಡಿಸುವ ಹಾಗೆ ಎಳೆಯುವ ಬಲೆಗೆ ಸಂಬಂಧಿಸಿದ್ದು. ಇಂಗ್ಲಿಷಿನಲ್ಲಿ ಆ ಶಬ್ದವೇ ಬೇರೆ, ಟ್ರಾಲಿಂಗ್. ನಾನು ಇಲ್ಲಿ ಹೇಳುವುದು ನಿಧಾನವಾಗಿ ಸಾಗುವ ದೋಣಿಯಿಂದ ರಾಡ್ ಕಟ್ಟಿ ಎಳೆಯುವ ಗಾಳದ ಬಗ್ಗೆ. ಕಡವಿನಲ್ಲಿ ಯಾರಾದರೂ ಕೇಳಿದರೆ ನಾನು ‘ಎಳೆಗಾಳ’ ಅಂತ ಹೇಳಿಬಿಡುತ್ತೇನೆ. ಆಗ ಯಾರಿಗೂ ಗೊಂದಲ ಇಲ್ಲ.

ನಮ್ಮ ಹೊಳೆಯಲ್ಲಿ ಕ್ರಾಪಿ ಇಲ್ಲ. ಅಳಿವೆಯ ಒಳಗೆ ಕೆಂಬೇರಿ ಇದೆ, ಕೊಕ್ಕರ್ ಇದೆ, ಅದೃಷ್ಟ ಇದ್ದರೆ ಮಲಯಾಳದವರು ಕಾಳಾಂಜಿ ಅನ್ನುವ ಮೀನೂ ಸಿಗುತ್ತದೆ. ಇವುಗಳ ಬಾಯಿ ಗಟ್ಟಿ. ಎಳೆತ ಇನ್ನೂ ಗಟ್ಟಿ. ಕೆಂಬೇರಿ ಕಚ್ಚಿದ ಕೂಡಲೇ ಕಾಂಡ್ಲ ಗಿಡದ ಬೇರಿನ ಕಡೆಗೆ ನುಗ್ಗುತ್ತದೆ. ಹಾಗಾಗಿ ಅಮೆರಿಕದವರ ಜೋಡಣೆಯನ್ನು ಇದ್ದ ಹಾಗೇ ತಂದು ಕೂರಿಸಿದರೆ ಆಗುವುದಿಲ್ಲ. ರಾಡುಗಳನ್ನು ಬೀಸಣಿಗೆಯ ಹಾಗೆ ಹರಡುವ ಕ್ರಮ ಅವರದು ತೆಗೆದುಕೊಂಡೆ. ಗಟ್ಟಿತನದ ಲೆಕ್ಕ ನಾವೇ ಹಾಕಿಕೊಳ್ಳಬೇಕು.

ಆ ಲೆಕ್ಕ ನನಗೆ ಗೊತ್ತಾದದ್ದು ಒಂದು ರಾಡ್ ಕಳಕೊಂಡ ಮೇಲೆ. ಮೊದಲ ಸಲ ಅಂಗಡಿಯಿಂದ ಪ್ಲಾಸ್ಟಿಕ್ ಹೋಲ್ಡರ್ ತಂದೆ. ಅದರ ಜೊತೆಗೆ ಕೊಟ್ಟ ನಾಲ್ಕು ಸ್ಕ್ರೂಗಳನ್ನೇ ದೋಣಿಯ ಅಂಚಿಗೆ ನೇರವಾಗಿ ತಿರುಗಿಸಿ ಕೂರಿಸಿದೆ. ಕೈಯಲ್ಲಿ ಅಲ್ಲಾಡಿಸಿದರೆ ಗಟ್ಟಿಯಾಗಿಯೇ ಇತ್ತು. ಮೂರನೇ ಭಾನುವಾರ ಏನೋ ಒಂದು ಮೀನು ಹೊಡೆಯಿತು. ಟಪ್ ಅಂತ ಒಂದೇ ಶಬ್ದ. ಹೋಲ್ಡರ್, ರಾಡ್, ರೀಲ್ ಎಲ್ಲ ಒಟ್ಟಿಗೆ ನೀರಿಗೆ ಹೋಯಿತು. ಅದು ಅಳಿಯ ತನ್ನ ದುಡ್ಡಿನಲ್ಲಿ ತೆಗೆದ ಮೊದಲ ರಾಡ್. ಅವನು ಏನೂ ಹೇಳಲಿಲ್ಲ. ಅಂಚಿನಲ್ಲಿ ಉಳಿದ ನಾಲ್ಕು ತೂತುಗಳನ್ನೇ ನೋಡುತ್ತಾ ಕೂತ. ಅವನ ಮುಖ ಈಗಲೂ ನನಗೆ ನೆನಪಾಗುತ್ತದೆ.

ಲೆಕ್ಕ ಹೀಗಿದೆ. 7 ಅಡಿ ರಾಡ್ ಅಡ್ಡ ಮಲಗಿದೆ, ತುದಿಯಿಂದ ಹೋಲ್ಡರಿನ ಬುಡಕ್ಕೆ 6 ಅಡಿ ಅಂತ ಇಟ್ಟುಕೊಳ್ಳಿ. ತುದಿಯಲ್ಲಿ 3 ಕೆಜಿ ಎಳೆತ ಬಿತ್ತು. ಬುಡದ ಪ್ಲೇಟಿನಲ್ಲಿ ಹಿಂದಿನ ಬೋಲ್ಟಿಗೂ ಮುಂದಿನ ಬೋಲ್ಟಿಗೂ 3 ಇಂಚು ದೂರ. ಅಂದರೆ 6 ಅಡಿಯ ಸನ್ನೆಗೋಲು ಕಾಲು ಅಡಿಯ ಮೇಲೆ ಕೆಲಸ ಮಾಡುತ್ತಿದೆ, 24 ಪಟ್ಟು. ಹಿಂದಿನ ಬೋಲ್ಟುಗಳನ್ನು ಮೇಲಕ್ಕೆ ಕೀಳುವ ಶಕ್ತಿ 72 ಕೆಜಿ ಆಯಿತು. ರಾಡ್ ಬಳುಕಿದಾಗ ಇದು ಸ್ವಲ್ಪ ಕಮ್ಮಿಯಾಗುತ್ತದೆ, ನಿಜ. ಆದರೂ ತೆಳು ಫೈಬರಿನಲ್ಲಿ ಹಲ್ಲು ಕಚ್ಚಿ ನಿಂತ ಸಣ್ಣ ಸ್ಕ್ರೂ ಇದನ್ನು ತಡೆಯುವುದಿಲ್ಲ. ಬೋಲ್ಟ್ ಆಚೆಯಿಂದ ಈಚೆಗೆ ಪೂರ್ತಿ ದಾಟಬೇಕು. ಕೆಳಗೆ ಅಗಲವಾದ ಹಲಗೆ ಇರಬೇಕು.

ಹಾಗಂತ ಡ್ರಿಲ್ ಹಿಡಿದುಕೊಂಡು ಓಡಬೇಡಿ. ಮೊದಲು ದೋಣಿಯನ್ನು ನೀರಿಗೆ ಇಳಿಸಿ. ಯಾವಾಗಲೂ ಬರುವವರನ್ನೇ ಹತ್ತಿಸಿ, ಅವರು ಕೂರುವ ಜಾಗದಲ್ಲೇ ಕೂರಿಸಿ. ಅಂಗಳದಲ್ಲಿ ಮರದ ದಿಮ್ಮಿಯ ಮೇಲೆ ನಿಂತ ದೋಣಿ ಬೇರೆ, ಜನ ಕೂತು ಒಂದು ಕಡೆ ವಾಲಿದ ದೋಣಿ ಬೇರೆ. ಕೂತಲ್ಲಿಂದ ಏಳದೆ ಕೈ ಎಲ್ಲಿವರೆಗೆ ಹೋಗುತ್ತದೆ ನೋಡಿ. ರಾಡಿನ ಹಿಡಿ ಆ ಅಳತೆಯ ಒಳಗೆ ಬರಬೇಕು. ಮೀನು ಹೊಡೆದಾಗ ಎದ್ದು ನಿಂತು ಹೋಗಬೇಕಾದ ಜಾಗದಲ್ಲಿ ಹೋಲ್ಡರ್ ಇಟ್ಟರೆ ಸಣ್ಣ ದೋಣಿಯಲ್ಲಿ ಅಪಾಯ. ಕೈ ತಲುಪುವ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಿ.

ಆಮೇಲೆ ತಾತ್ಕಾಲಿಕ ಜೋಡಣೆ. ಇದಕ್ಕೆ ನಮ್ಮ ಊರಿನಲ್ಲಿ ಅಡಿಕೆ ಸಲಾಕೆಗಿಂತ ಒಳ್ಳೆಯದು ಬೇರೆ ಇಲ್ಲ. ಐದು ಅಡಿ ಉದ್ದದ ಸಲಾಕೆಯನ್ನು ದೋಣಿಯ ಮುಂದೆ, ಅಂಚಿನಿಂದ ಅಂಚಿಗೆ ಅಡ್ಡ ಇಡಿ. ಎರಡು ತುದಿಗೂ ಸಿ-ಕ್ಲಾಂಪ್ ಹಾಕಿ ಬಿಗಿಯಿರಿ. ಅದರ ಮೇಲೆ 40 ಮಿಮೀ ಪಿವಿಸಿ ಪೈಪಿನ ಒಂದು ಅಡಿಯ ತುಂಡುಗಳನ್ನು ಹಗ್ಗದಲ್ಲಿ ಕಟ್ಟಿ. ಪೈಪಿನ ಬಾಯಿಯಿಂದ 4 ಇಂಚು ಉದ್ದ, 1 ಇಂಚು ಅಗಲಕ್ಕೆ ಸೀಳಿದರೆ ರೀಲಿನ ಕಾಲು ಅದರಲ್ಲಿ ಕೂರುತ್ತದೆ, ರಾಡ್ ತಿರುಗುವುದಿಲ್ಲ. ಹಗ್ಗ ಸಡಿಲಿಸಿ ದಿನಕ್ಕೊಂದು ಕೋನ ಮಾಡಿ ನೋಡಬಹುದು. ಹೀಗೆ ಕಮ್ಮಿ ಅಂದರೆ ನಾಲ್ಕು ಸಲ ಹೊಳೆಗೆ ಹೋಗಿ ಬನ್ನಿ. ಜೋರು ಎಳೆತಕ್ಕೆ ಇದು ನಿಲ್ಲುವುದಿಲ್ಲ, ಆದ್ದರಿಂದ ಪ್ರತಿ ರಾಡಿಗೂ ಒಂದು ಕಾಪು ಹಗ್ಗ ಕಟ್ಟಿ ದೋಣಿಗೆ ಬಿಗಿಯಿರಿ. ನಮಗೆ ಎರಡನೇ ದಿನವೇ ಗೊತ್ತಾದ ವಿಷಯ: ಬಲಗಡೆಯ ಕೊನೆಯ ಪೈಪ್ ಅಳಿಯನ ಮೊಣಕಾಲಿಗೆ ತಾಗುತ್ತಿತ್ತು. ಕೊರೆದುಬಿಟ್ಟಿದ್ದರೆ ಆ ತೂತು ಅಲ್ಲೇ ಇರುತ್ತಿತ್ತು.

ಎಷ್ಟು ರಾಡ್ ಅಂತ ಕೇಳಿದರೆ, ನಮ್ಮ ಹೊಳೆಗೆ ನಾಲ್ಕು ಸಾಕು. ಎಂಟು ರಾಡ್ ಹರಡಿ ಹೋಗಲು ಇದು ಮೈಲಿಗಟ್ಟಲೆ ಅಗಲದ ಕೆರೆ ಅಲ್ವಲ್ಲಾ. ಒಂದು ಕಡೆ ಬಲೆಯ ಗೂಟ, ಇನ್ನೊಂದು ಕಡೆ ಕಾಂಡ್ಲ. ದಕ್ಷಿಣಕ್ಕೆ ಪಡನ್ನ, ವಲಿಯಪರಂಬ ಕಡೆಗೆ ಹೋದರೆ ಹಿನ್ನೀರಿನಲ್ಲಿ ಕಲ್ಲುಮ್ಮಕ್ಕಾಯಿ ಅನ್ನುವ ಚಿಪ್ಪುಮೀನು ಬೆಳೆಸುವ ಬಿದಿರಿನ ಚಪ್ಪರಗಳೂ ಇವೆ. ಅದರ ಹಗ್ಗಕ್ಕೆ ನಿಮ್ಮ ಕೊಕ್ಕೆ ಸಿಕ್ಕಿದರೆ ಇನ್ನೊಬ್ಬರ ಬೆಳೆಗೆ ಹಾನಿ.

ಸಲಾಕೆಯ ಜಾಗಕ್ಕೆ ಆಮೇಲೆ ಅಡ್ಡ ಕಂಬಿ ಹಾಕಿದೆ. ನಾಲ್ಕು ಹೋಲ್ಡರುಗಳನ್ನು ಅದರ ಮೇಲೆ 14 ಇಂಚಿಗೆ ಒಂದರಂತೆ ಇಟ್ಟೆ. ಮೊದಲನೆಯದರಿಂದ ಕೊನೆಯದಕ್ಕೆ 42 ಇಂಚು ಬಂತು. ದೋಣಿಯ ಮುಂದಿನ 4 ಅಡಿ ಅಗಲಕ್ಕೆ ಸರಿಯಾಯಿತು. ಆದರೆ ಬುಡದ ಅಂತರಕ್ಕಿಂತ ತುದಿಯ ಅಂತರ ಮುಖ್ಯ. ಒಂದೊಂದು ರಾಡನ್ನು ಪಕ್ಕದ್ದಕ್ಕಿಂತ 15 ಡಿಗ್ರಿ ಹೊರಗೆ ತಿರುಗಿಸಿದರೆ 7 ಅಡಿ ರಾಡಿನ ತುದಿಗಳ ನಡುವೆ ಸುಮಾರು 3 ಅಡಿ ಸಿಗುತ್ತದೆ. ಅಳಿಯನ ಹಳೆಯ ಜಾಮಿಟ್ರಿ ಬಾಕ್ಸಿನ ಕೋನಮಾಪಕದಲ್ಲೇ ಅಳತೆ ಮಾಡಿದೆ. 3 ಅಡಿ ಇದ್ದರೆ ದಾರಕ್ಕೆ ದಾರ ಸುತ್ತುವುದು ತುಂಬ ಕಮ್ಮಿ. ಕೊಕ್ಕರ್ ಮಾತ್ರ ಅಡ್ಡಡ್ಡ ಓಡುತ್ತದೆ, ಅದು ಹೊಡೆದರೆ ಪಕ್ಕದ ರಾಡನ್ನು ಎತ್ತಿಕೊಳ್ಳಲೇಬೇಕು.

ಎತ್ತರದ ವಿಷಯಕ್ಕೆ ಬರುತ್ತೇನೆ. ಜೀವ ಇರುವ ಸಿಗಡಿ, ನಮ್ಮ ಮಾತಿನಲ್ಲಿ ಎಟ್ಟಿ, ಕಟ್ಟಿ ನಿಧಾನಕ್ಕೆ ಹೋಗುವಾಗ ರಾಡ್ ನೀರಿಗೆ ಸಮನಾಗಿ ಮಲಗಿರಬೇಕು. ತುದಿ ನೀರಿನಿಂದ ಒಂದು, ಒಂದೂವರೆ ಅಡಿ ಮೇಲೆ ಇದ್ದರೆ ಸಾಕು. ಆಗ ನಾಲ್ಕೂ ತುದಿ ಒಂದೇ ಸಾಲಿನಲ್ಲಿ ಕಣ್ಣಿಗೆ ಕಾಣುತ್ತವೆ. ಒಂದು ತುದಿ ಸ್ವಲ್ಪ ಬಗ್ಗಿದರೂ, ಮೀನು ಕೆಳಗಿನಿಂದ ಎತ್ತಿ ತುದಿ ನೆಟ್ಟಗಾದರೂ ಗೊತ್ತಾಗುತ್ತದೆ. ರಾಡನ್ನು ಆಕಾಶಕ್ಕೆ ನಿಲ್ಲಿಸಿದರೆ ಗಾಳಿ ದಾರವನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತದೆ. ಕಚ್ಚಿದ್ದು ಮೀನೋ ಗಾಳಿಯೋ ಗೊತ್ತಾಗುವುದೇ ಇಲ್ಲ. ತಲೆ ಎತ್ತಿ ನೋಡಿ ನೋಡಿ ಕುತ್ತಿಗೆ ನೋವು ಬೇರೆ.

ಈಗ ಹೋಲ್ಡರ್ ಆಕಾರ. ಪೈಪ್ ಹೋಲ್ಡರ್ ಅಗ್ಗ, ಆದರೆ ಅಡ್ಡ ಮಲಗಿಸಿದ ಪೈಪಿನಲ್ಲಿ ಒಂದು ತೊಂದರೆ ಇದೆ. ಮೀನು ಎಳೆಯುವಾಗ ಹಿಡಿ ಪೈಪಿನೊಳಗೆ ಓರೆಯಾಗಿ ಬಿಗಿದುಕೊಳ್ಳುತ್ತದೆ. ಹಿಂದಕ್ಕೆ ಎಳೆದರೆ ಬರುವುದಿಲ್ಲ. ಕ್ರಾಪಿ ಹಿಡಿಯುವವರು ತೆರೆದ ಬಾಯಿಯ ಹೋಲ್ಡರ್ ಇಷ್ಟಪಡುವುದು ಇದೇ ಕಾರಣಕ್ಕೆ. ಮುಂದೆ ಮೇಲಕ್ಕೆ ಬಾಯಿ ತೆರೆದ ಒಂದು ಯು (U ಆಕಾರದ ಸರಳು), ರಾಡ್ ಅದರ ಮೇಲೆ ಮಲಗುತ್ತದೆ. ಹಿಂದೆ ಕೆಳಕ್ಕೆ ಬಾಯಿ ತೆರೆದ ಒಂದು ಕೊಕ್ಕೆ, ಹಿಡಿಯ ಬುಡ ಅದರ ಅಡಿಗೆ ಸಿಕ್ಕಿಕೊಳ್ಳುತ್ತದೆ. ಮೀನು ಎಳೆದಷ್ಟೂ ಬುಡ ಕೊಕ್ಕೆಗೆ ಒತ್ತುತ್ತದೆ. ಬೇಕಾದಾಗ ಮುಂಭಾಗ ಎತ್ತಿದರೆ ಸಾಕು, ರಾಡ್ ಕೈಗೆ ಬರುತ್ತದೆ. ಆ ಎತ್ತುವ ಚಲನೆಯಲ್ಲೇ ಗಾಳ ಕಚ್ಚಿಕೊಳ್ಳುತ್ತದೆ.

ಇದನ್ನು ಯಾವ ವೆಲ್ಡಿಂಗ್ ಶಾಪಿನಲ್ಲೂ ಮಾಡಿಸಬಹುದು. 10 ಮಿಮೀ ಸ್ಟೀಲ್ ಸರಳು, 4 ಇಂಚು ಉದ್ದ 3 ಇಂಚು ಅಗಲದ 5 ಮಿಮೀ ಪ್ಲೇಟ್, ಅರ್ಧ ಅಡಿ ಎತ್ತರದ ಕಂಬ. ಯು 2 ಇಂಚು ಅಗಲ, ಎರಡೂವರೆ ಇಂಚು ಆಳ. ಯುಗೂ ಕೊಕ್ಕೆಗೂ ಎಷ್ಟು ದೂರ ಅನ್ನುವುದನ್ನು ನಿಮ್ಮ ರಾಡ್ ಇಟ್ಟೇ ಅಳೆಯಬೇಕು. ಯು ರೀಲಿನ ಮುಂದೆ ಬರಬೇಕು, ಕೊಕ್ಕೆ ಹಿಡಿಯ ಕೊನೆಯಲ್ಲಿ. ನನ್ನ ರಾಡಿಗೆ 14 ಇಂಚು ಬಂತು. ರೀಲ್ ಯುನ ಹಿಂದೆ ಇದ್ದರೆ ಮೀನು ಮುಂದಕ್ಕೆ ಎಳೆದಾಗ ರೀಲಿನ ಕಾಲು ಯುಗೆ ತಡೆದು ನಿಲ್ಲುತ್ತದೆ, ರಾಡ್ ಜಾರಿ ಹೋಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ: ಯು ಮತ್ತು ಕೊಕ್ಕೆಯನ್ನು ಸೇರಿಸುವ ಬೆನ್ನಿನ ಸರಳನ್ನು ನೇರವಾಗಿ ಕೊಡಬೇಡಿ. ಕೆಳಗೆ ನೇತಾಡುವ ರೀಲ್ ಅದಕ್ಕೆ ತಾಗುತ್ತದೆ. ಬದಿಗೆ 3 ಇಂಚು ಬಗ್ಗಿಸಿ ಕೊಡಿ. ನಾನು ಮಾಡಿದ ಮೊದಲನೆಯದು ಇದರಿಂದಲೇ ಗುಜರಿಗೆ ಹೋಯಿತು. ಯು ಮತ್ತು ಕೊಕ್ಕೆಗೆ ಪೆಟ್ರೋಲ್ ಪೈಪಿನ ತುಂಡು ಸೀಳಿ ಹೊದಿಸಿದರೆ ರಾಡಿಗೆ ಗೀರು ಬೀಳುವುದಿಲ್ಲ.

ಸ್ಟೀಲ್ ಕೊಳ್ಳುವಾಗ 316 ಅಂತ ಕೇಳಿ ತೆಗೆದುಕೊಳ್ಳಿ. ನಾನು ಮಂಗಳೂರಿನ ಬಂದರ್ ಕಡೆ ಹೋಗಿ ತರುತ್ತೇನೆ. ಕೆಲವರು ಅಯಸ್ಕಾಂತ ಹಿಡಿದು, ‘ಅಂಟಲಿಲ್ಲ ನೋಡಿ, ಇದು ಒಳ್ಳೆಯದು’ ಅನ್ನುತ್ತಾರೆ. 202ಕ್ಕೂ 304ಕ್ಕೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ಆ ಪರೀಕ್ಷೆಯಿಂದ 316 ಯಾವುದು ಅಂತ ತಿಳಿಯುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. 316ರಲ್ಲಿ ಮಾಲಿಬ್ಡಿನಂ ಸೇರಿರುತ್ತದೆ, ಉಪ್ಪುನೀರಿಗೆ ತಡೆಯುವುದು ಅದರಿಂದ. 202ರಲ್ಲಿ ಮಾಡಿದ್ದಕ್ಕೆ ಒಂದೇ ಮಳೆಗಾಲದಲ್ಲಿ ಕಂದು ಚುಕ್ಕೆ ಬಂದದ್ದನ್ನು ನಾನೇ ನೋಡಿದ್ದೇನೆ. ವೆಲ್ಡ್ ಮಾಡಿದ ಜಾಗದ ಸುತ್ತ ಬಣ್ಣ ತಿರುಗಿರುತ್ತದೆ. ಪಿಕ್ಲಿಂಗ್ ಪೇಸ್ಟ್ ಹಚ್ಚಿ ಅದನ್ನು ತೆಗೆಸಿ. ತುಕ್ಕು ಶುರುವಾಗುವುದೇ ಅಲ್ಲಿಂದ. ಅಡ್ಡ ಕಂಬಿಗೆ ನಾನು ಅಲ್ಯೂಮಿನಿಯಂ ಬಾಕ್ಸ್ ಪೈಪ್ ಹಾಕಿದ್ದೇನೆ. ಅಲ್ಯೂಮಿನಿಯಂ ಮತ್ತು ಸ್ಟೀಲ್ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತಾ ಹೋಗುತ್ತದೆ. ಮಧ್ಯೆ ನೈಲಾನ್ ವಾಷರ್ ಇರಲಿ.

ಇಷ್ಟೆಲ್ಲ ಆದ ಮೇಲೆ ಡ್ರಿಲ್ ಎತ್ತಿ. ಕಂಬಿಯ ತುದಿಯಾಗಲಿ ಹೋಲ್ಡರಿನ ಪ್ಲೇಟಾಗಲಿ ಕೂರುವ ಕಡೆ ಅಂಚಿನ ಕೆಳಗೆ ಕೈ ಹಾಕಿ, ವಯರ್ ಇದೆಯಾ, ಪೆಟ್ರೋಲ್ ಪೈಪ್ ಇದೆಯಾ ಅಂತ ತಡವಿ ನೋಡಿ. ಕೊರೆಯುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿ. ಮೊದಲು ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗಿಸಿ ಮೇಲಿನ ಹೊಳಪಿನ ಪದರವನ್ನು ಮಾತ್ರ ಸವೆಸಿ. ಹಾಗೆ ಮಾಡಿದರೆ ಅದು ಚೂರು ಚೂರಾಗಿ ಏಳುವುದಿಲ್ಲ. ಆಮೇಲೆ 3 ಮಿಮೀ ಬಿಟ್ಟಿನಲ್ಲಿ ಸಣ್ಣ ತೂತು, ನಂತರ 6 ಮಿಮೀ ಬೋಲ್ಟ್ ದಾಟುವ ತೂತು. ಫೈಬರ್ ಧೂಳು ಶ್ವಾಸಕೋಶಕ್ಕೆ ಕೆಟ್ಟದು, ಮಾಸ್ಕ್ ಹಾಕಿ. ಕೊನೆಗೆ ತೂತಿನ ಬಾಯಿಯನ್ನು ದೊಡ್ಡ ಬಿಟ್ಟಿನಲ್ಲಿ ಸ್ವಲ್ಪ ಇಳಿಜಾರು ಮಾಡಿ. ಅಲ್ಲಿ ಸೀಲೆಂಟ್ ಬಳೆಯ ಹಾಗೆ ಕೂತು ನೀರು ತಡೆಯುತ್ತದೆ.

ಅಡಿಗೆ 12 ಮಿಮೀ ಮೆರೈನ್ ಪ್ಲೈವುಡ್ಡಿನ ತುಂಡು ಇಡಬೇಕು. ಮೇಲಿನ ಪ್ಲೇಟಿಗಿಂತ ಸುತ್ತಲೂ 2 ಇಂಚು ದೊಡ್ಡದಿರಲಿ. ಅದರ ಅಂಚಿಗೂ ತೂತಿನ ಒಳಗೂ ಎಪಾಕ್ಸಿ ಹಚ್ಚಿ ಒಣಗಿಸಿ, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಕುಂಬಾಗುತ್ತದೆ. ಪ್ಲೇಟಿನ ಅಡಿಗೆ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ, ಬೋಲ್ಟ್ ಇಳಿಸಿ, ಕೆಳಗೆ ದೊಡ್ಡ ವಾಷರ್, ನೈಲಾಕ್ ನಟ್. ಮೊದಲ ದಿನ ಸೀಲೆಂಟ್ ಸ್ವಲ್ಪ ಹೊರಗೆ ಬರುವಷ್ಟು ಮಾತ್ರ ಬಿಗಿಯಿರಿ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಕಾಲು ಸುತ್ತು. ಒಮ್ಮೆಗೇ ಬಿಗಿದರೆ ಸೀಲೆಂಟ್ ಎಲ್ಲ ಹೊರಗೆ ಹೋಗಿ ಒಳಗೆ ಏನೂ ಉಳಿಯುವುದಿಲ್ಲ. ಸ್ಟೀಲ್ ಬೋಲ್ಟಿನ ಮೇಲೆ ಸ್ಟೀಲ್ ನಟ್ಟನ್ನು ವೇಗವಾಗಿ ತಿರುಗಿಸಿದರೆ ಹಲ್ಲು ಬಿಸಿಯಾಗಿ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಕತ್ತರಿಸುವುದೊಂದೇ ದಾರಿ. ಒಂದು ಹನಿ ಗ್ರೀಸ್, ಕೈ ಸ್ಪಾನರ್, ನಿಧಾನ.

ನೀರಿಗೆ ಇಳಿಸುವ ಮೊದಲು ಪರೀಕ್ಷೆ ಮಾಡಿ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ದಾರಕ್ಕೆ ಸಿಕ್ಕಿಸಿ, ರಾಡ್ ಹೋಲ್ಡರಿನಲ್ಲಿ ಇರುವಾಗಲೇ ಯಾರಾದರೂ ಎಳೆಯಲಿ. ನಮ್ಮದು 9 ಕೆಜಿ ತಡೆಯುವ ದಾರ. ರೀಲಿನ ಡ್ರ್ಯಾಗ್, ಅಂದರೆ ದಾರವನ್ನು ತಡೆಯುವ ಬಿಗಿ, ಎರಡೂವರೆ ಕೆಜಿಗೆ ದಾರ ಬಿಡುವ ಹಾಗೆ ಇಟ್ಟಿದ್ದೇನೆ. ಆಮೇಲೆ ಹೋಲ್ಡರಿನ ಕಂಬಕ್ಕೇ ಹಗ್ಗ ಕಟ್ಟಿ 10 ಕೆಜಿ ತನಕ ಎಳೆದು ನೋಡಿದೆವು. ಅಂಚು ಅಲ್ಲಾಡಲಿಲ್ಲ. ಹಾಗಿದ್ದರೂ ಪ್ರತಿ ರಾಡಿಗೂ ಕಾಪು ಹಗ್ಗ ಈಗಲೂ ಇದೆ.

ಇನ್ನು ವೇಗ. ನಮ್ಮ 9.9 ಹಾರ್ಸ್‌ಪವರ್ ಎಂಜಿನ್ ಎಷ್ಟು ಕಮ್ಮಿ ಮಾಡಿದರೂ ಎಟ್ಟಿ ಕಟ್ಟಿದ ಗಾಳಕ್ಕೆ ಜಾಸ್ತಿಯೇ. ಬ್ಯಾಟರಿಯ ಸಣ್ಣ ಮೋಟಾರ್ ಇದ್ದರೆ ಬಹಳ ಒಳ್ಳೆಯದು. ಇಲ್ಲದವರು ಎರಡು ಬಕೆಟಿನ ಅಡಿಗೆ ತೂತು ಮಾಡಿ, ದೋಣಿಯ ಎರಡು ಬದಿಯಲ್ಲಿ ಕಟ್ಟಿ ಎಳೆಯಿರಿ. ಹಗ್ಗ ಎಷ್ಟೇ ಹಿಂದೆ ಹೋದರೂ ಬಕೆಟ್ ಪ್ರೊಪೆಲ್ಲರ್ ತನಕ ಬರಬಾರದು, ಮೊದಲು ಅದನ್ನು ಅಳೆದು ಕಟ್ಟಿ. ನೀರಿಗೆ ಇಳಿದ ದಾರ ಹೆಚ್ಚು ಕಮ್ಮಿ ನೇರವಾಗಿ ಕೆಳಗೆ ನಿಂತಿರಬೇಕು. ಹಿಂದಕ್ಕೆ ಓರೆಯಾಗಿ ತೇಲಿದರೆ ವೇಗ ಜಾಸ್ತಿ ಆಯಿತು, ಇಲ್ಲವೇ ದಾರಕ್ಕೆ ಕಟ್ಟಿದ ಸೀಸದ ತೂಕ ಸಾಲದು ಅಂತ ಅರ್ಥ.

ಲೂರ್, ಅಂದರೆ ಮೀನಿಗೆ ಆಸೆ ತೋರಿಸುವ ಕೃತಕ ಎರೆ, ಎಳೆಯುವುದಾದರೆ ಕ್ರಮ ಬೇರೆ. ಅದಕ್ಕೆ ಹಿಂದೆ ಎರಡು ಹೋಲ್ಡರ್ ಸಾಕು, ಗಂಟೆಗೆ 4 ಕಿಮೀ ಹತ್ತಿರ ವೇಗ, ರಾಡ್ ಹೊರಕ್ಕೆ ತಿರುಗಿ 30 ಡಿಗ್ರಿ ಎದ್ದಿರಲಿ. ಒಂದು ದಾರ ಉದ್ದ, ಇನ್ನೊಂದು ಗಿಡ್ಡ. ತಿರುಗುವಾಗ ದೊಡ್ಡ ಸುತ್ತು ತೆಗೆದುಕೊಳ್ಳಿ. ಒಳಬದಿಯ ಲೂರ್ ನಿಧಾನವಾಗುತ್ತದೆ, ಮುಳುಗುವ ಜಾತಿಯದಾದರೆ ತಳಕ್ಕೆ ಇಳಿದು ಸಿಕ್ಕಿಕೊಳ್ಳುತ್ತದೆ.

ಅಳಿವೆಯ ಬಾಯಿಗೆ, ಅದರಲ್ಲೂ ನೀರು ಇಳಿಯುವ ಹೊತ್ತಿಗೆ, ರಾಡ್ ಹರಡಿಕೊಂಡು ಹೋಗಲೇಬೇಡಿ. ಹೊರಗೆ ಓಡುವ ನೀರಿಗೆ ಎದುರು ತೆರೆ ಬಂದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ನಾಲ್ಕು ರಾಡ್ ಎತ್ತಿ ಒಳಗೆ ಹಾಕಲು ಸಮಯ ಸಿಗುವುದಿಲ್ಲ. ಲೈಫ್ ಜಾಕೆಟ್ ಸೀಟಿನ ಅಡಿಯಲ್ಲಿ ಇದ್ದರೆ ಪ್ರಯೋಜನ ಇಲ್ಲ, ಮೈಮೇಲೆ ಇರಬೇಕು. ಅಳಿಯನಿಗೆ ಈ ಒಂದು ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ದಡಕ್ಕೆ ಬಂದ ಮೇಲೆ ಹೋಲ್ಡರುಗಳಿಗೆ ಬಾವಿಯ ಸಿಹಿನೀರು ಹೊಯ್ದು ತೊಳೆಯುತ್ತೇವೆ. ತಿಂಗಳಿಗೊಮ್ಮೆ ಅಡಿಯಿಂದ ಕೈ ಹಾಕಿ ನಟ್ ಸಡಿಲವಾಗಿದೆಯಾ ನೋಡುತ್ತೇನೆ. ಮೇ ಕೊನೆಗೆ ಮಳೆ ಹತ್ತಿರ ಬಂದಾಗ ಅಡ್ಡ ಕಂಬಿಯನ್ನು ಪೂರ್ತಿ ಬಿಚ್ಚಿ ಅಟ್ಟಕ್ಕೆ ಹಾಕುತ್ತೇವೆ. ಖಾಲಿ ತೂತುಗಳಿಗೆ ಅದೇ ಬೋಲ್ಟುಗಳನ್ನು ರಬ್ಬರ್ ವಾಷರ್ ಇಟ್ಟು ಮುಚ್ಚುತ್ತೇವೆ. ಮಳೆ ನಿಂತು ಹೊಳೆಯ ಕೆಂಪು ಇಳಿದು, ಉಪ್ಪು ಮತ್ತೆ ಮೇಲೇರಿದ ಮೇಲೆ ಅಳಿಯ ತಾನೇ ಅಟ್ಟ ಹತ್ತಿ ಕಂಬಿ ಇಳಿಸುತ್ತಾನೆ.